ಕರುಳು ಚುರ್ ಎಂದರೆ ಏನರ್ಥ?

ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳದವರನ್ನು ‘ಭಾವನೆಯೇ ಇಲ್ಲದವರು’ ಎಂದುಬಿಡುವುದು ಈಗ ಸಲೀಸಾಗಿದೆ. ಟಿವಿ ಚರ್ಚೆಯಲ್ಲಿ, ಕಚೇರಿಯ ತರಬೇತಿಯಲ್ಲಿ ‘ಭಾವನಾತ್ಮಕ ಅರಿವು’ ಎಂದರೆ ಚೆನ್ನಾಗಿ ಹೇಳಿಕೊಳ್ಳುವುದು ಎಂದಾಗಿದೆ. ಇದು ತಪ್ಪು. ಸಿಟ್ಟು ಬಂದಿದೆಯೆಂದು ಗೊತ್ತಿದ್ದೂ ಅತ್ತೆಯ ಎದುರು ತುಟಿ ಬಿಚ್ಚದ ಸೊಸೆಗೆ ಅರಿವಿದೆ, ಮಾತಿಲ್ಲ. ಮೇಜು ಕುಟ್ಟಿ ‘ನನಗೇನೂ ಸಿಟ್ಟಿಲ್ಲ’ ಎಂದು ಕೂಗುವವನಿಗೆ ಮಾತಿದೆ, ಅರಿವಿಲ್ಲ.

1970ರ ದಶಕದ ಆರಂಭದಲ್ಲಿ ಬಾಸ್ಟನ್ನಿನ ಮನೋವೈದ್ಯ ಪೀಟರ್ ಸಿಫ್ನಿಯೋಸ್ ‘ಅಲೆಕ್ಸಿಥೈಮಿಯಾ’ ಎಂಬ ಪದ ಕಟ್ಟಿದರು. ಗ್ರೀಕ್ ಮೂಲದ ಈ ಪದದ ಅರ್ಥ ಭಾವಕ್ಕೆ ನುಡಿ ಇಲ್ಲದಿರುವುದು. ಭಾವವೇ ಇಲ್ಲದಿರುವುದಲ್ಲ. ಇಂಥವರಿಗೆ ಎದೆ ಹೊಡೆದುಕೊಳ್ಳುತ್ತದೆ, ಕಣ್ಣು ತುಂಬುತ್ತದೆ. ಅದು ದುಃಖವೋ ಭಯವೋ ಎಂಬುದು ಮಾತ್ರ ಅವರಿಗೇ ತಿಳಿಯದು.

ಈ ಅರಿವನ್ನು ಅಳೆಯುವುದು ಹೇಗೆ? ‘ನಿನ್ನ ಭಾವನೆ ನಿನಗೆ ಗೊತ್ತೇ’ ಎಂದು ಕೇಳಿ ಪ್ರಯೋಜನವಿಲ್ಲ. ಗೊತ್ತಿಲ್ಲದವನಿಗೆ ಅದೂ ಗೊತ್ತಿರುವುದಿಲ್ಲ. ಅಮೆರಿಕದ ರಿಚರ್ಡ್ ಲೇನ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಪರೀಕ್ಷೆ ಈ ತೊಡಕನ್ನು ಜಾಣತನದಿಂದ ದಾಟುತ್ತದೆ. ಅದರಲ್ಲಿ 20 ಸನ್ನಿವೇಶಗಳಿವೆ. ಪ್ರತಿಯೊಂದರಲ್ಲೂ ನಿಮಗೆ ಏನನ್ನಿಸುತ್ತದೆ, ಎದುರಿನವರಿಗೆ ಏನನ್ನಿಸೀತು ಎಂದು ಬರೆಯಬೇಕು. ಬರೆದ ಪದಗಳಿಗೆ ಅಂಕ. ಮೈಯ ಅನುಭವ ಕೆಳಗಿನ ಮೆಟ್ಟಿಲು, ಏನಾದರೂ ಮಾಡಿಬಿಡಬೇಕೆಂಬ ತುಡಿತ ಅದರ ಮೇಲಿನದು, ಆಮೇಲೆ ಒಂಟಿ ಭಾವ, ಬೆರೆತ ಭಾವಗಳು. ತನ್ನ ಬೆರೆತ ಭಾವವನ್ನೂ ಎದುರಿನವರದನ್ನೂ ಬಿಡಿಸಿ ಹೇಳಬಲ್ಲವರು ಎಲ್ಲಕ್ಕಿಂತ ಮೇಲೆ.

ಪರೀಕ್ಷೆ ನನಗೆ ಮೆಚ್ಚುಗೆ. ಆದರೆ ಮೈಯನ್ನು ಕೆಳಗಿಟ್ಟ ಈ ಏಣಿಯ ಬಗ್ಗೆ ನನ್ನ ಜಗಳವಿದೆ. ಕನ್ನಡದಲ್ಲಿ ಭಾವ ಮಾತಾಡುವುದೇ ಮೈಯ ಮೂಲಕ. ‘ಸಂಕಟ’ ಹೊಟ್ಟೆಯದೂ ಹೌದು, ಮನಸ್ಸಿನದೂ ಹೌದು. ‘ಹೊಟ್ಟೆಯುರಿ’ ಎಂದರೆ ಯಾರೂ ಔಷಧಿ ಅಂಗಡಿಗೆ ಓಡುವುದಿಲ್ಲ. ಪಕ್ಕದ ಮನೆಯ ಮಗು ಜ್ವರದಲ್ಲಿ ನರಳುವುದನ್ನು ಕಂಡ ಅಜ್ಜಿ ‘ಕರುಳು ಚುರ್ ಅಂತು ಕಣೇ’ ಎನ್ನುತ್ತಾಳೆ. ಪದಗಳನ್ನಷ್ಟೇ ನೋಡಿ ಇದನ್ನು ಮೈಯ ಅನುಭವವೆಂದು ಬರೆದುಕೊಂಡರೆ ಅಜ್ಜಿ ಕೆಳಗಿನ ಮೆಟ್ಟಿಲಲ್ಲೇ ಕೂರಬೇಕಾಗುತ್ತದೆ. ಆದರೆ ಹಸಿವಾದಾಗ ಚುರುಗುಟ್ಟುವುದು ಹೊಟ್ಟೆ. ಕರುಳು ಚುರ್ ಎನ್ನಲು ಎದುರಿಗೆ ನೋಯುವ ಇನ್ನೊಂದು ಜೀವ ಇರಲೇಬೇಕು. ಆ ಜೀವದ ನೋವೂ ಅದು ತನ್ನಲ್ಲಿ ಹುಟ್ಟಿಸಿದ ಮರುಕವೂ ಅಜ್ಜಿಗೆ ತಿಳಿದಿವೆ. ಒಂದೇ ಮಾತಿನಲ್ಲಿ ಎರಡನ್ನೂ ಹೇಳಿ ಅವಳು ಕಷಾಯ ಕಾಯಿಸಲು ಎದ್ದಿದ್ದಾಳೆ.