ಹಸಿವಿಲ್ಲದೆ ಕಚ್ಚುವ ಮೀನು

ಗಾಳ ಹಾಕುವವನು ಮೀನಿನ ಹಸಿವನ್ನು ನಂಬಿ ಕೂರುತ್ತಾನೆ. ಎರೆಹುಳು ಸಿಕ್ಕಿಸಲಿ, ಕಲಸಿದ ಹಿಟ್ಟು ಸಿಕ್ಕಿಸಲಿ, ಹೊಟ್ಟೆ ಇರುವ ಜೀವ ಬಂದೇ ಬರುತ್ತದೆ ಎಂಬುದು ಅವನ ಲೆಕ್ಕ. ಆದರೆ ವರ್ಷದ ಕೆಲವು ವಾರ ಹಸಿವಿಲ್ಲದ ಮೀನೂ ಗಾಳ ಕಚ್ಚುತ್ತದೆ. ಮೊಟ್ಟೆಯನ್ನೋ ಮರಿಯನ್ನೋ ಕಾಯುತ್ತಿರುವ ಮೀನು ಅದು. ಹತ್ತಿರ ಬಂದದ್ದನ್ನು ಓಡಿಸಲು ಬಾಯಿ ಹಾಕಿ ಸಿಕ್ಕಿಬೀಳುತ್ತದೆ. ಹೀಗೆ ಹಿಡಿಯುವುದು ಸರಿಯೇ? ಮೀನು ಹಿಡಿಯುವುದೇ ತಪ್ಪು ಎನ್ನುವವರಿಗೆ ಈ ಪ್ರಶ್ನೆ ಏಳುವುದೇ ಇಲ್ಲ. ನಾನು ಮೀನು ತಿನ್ನುವವನು. ಹಾಗಾಗಿ ಇದನ್ನು ಕೇಳಿಕೊಳ್ಳಬೇಕಾದವರಲ್ಲಿ ನಾನೂ ಒಬ್ಬ.

ತಮಿಳುನಾಡಿನ ದಿಂಡುಗಲ್ ಜಿಲ್ಲೆಯ ಒಡ್ಡನ್‌ಛತ್ರಂ ಕೇರಳಕ್ಕೆ ತರಕಾರಿ ಕಳಿಸುವ ದೊಡ್ಡ ಮಾರುಕಟ್ಟೆಯ ಊರು. ದಕ್ಷಿಣಕ್ಕೆ ಪಳನಿ ಬೆಟ್ಟ, ಅದರ ಬುಡದಲ್ಲಿ ನಂಗಾಂಜಿ ಹೊಳೆಗೆ ಕಟ್ಟಿದ ಪರಪ್ಪಲಾರ್ ಅಣೆ, ಸುತ್ತ ಮಳೆ ಹಿಡಿದರೆ ತುಂಬುವ, ಹಿಡಿಯದಿದ್ದರೆ ಜಾಲಿ ಬೆಳೆಯುವ ಕೆರೆಗಳು. ಈ ಜಿಲ್ಲೆಯಲ್ಲೂ ಪಕ್ಕದ ತೇಣಿ, ಕಂಬಂ ಕಣಿವೆಯಲ್ಲೂ ಕಪ್ಪಿಲಿಯರು, ಅನುಪ್ಪರು ಎಂಬ ಸಮುದಾಯದವರು ತಲೆಮಾರುಗಳಿಂದ ಬೇಸಾಯ ಮಾಡಿಕೊಂಡಿದ್ದಾರೆ. ಅವರ ಓದುಬರಹ ತಮಿಳಿನಲ್ಲಿ, ಮನೆಯೊಳಗಿನ ಮಾತು ಕನ್ನಡ. ಹಿಂಗಾರು ಮಳೆ ಬಿದ್ದು ನೀರು ನಿಂತ ಮೇಲೆ ಅಂಥ ಕೆರೆಗಳಲ್ಲಿ ವಿರಾಲ್ ಮರಿ ಮಾಡುತ್ತದೆ. ನಮ್ಮ ಕಡೆ ಕೊರವ, ಮುರಲ್ ಎಂದೆಲ್ಲ ಕರೆಯುವ ಹಾವುತಲೆಯ ಮೀನು ಅದು.

ಅದನ್ನು ಹಿಡಿಯುವುದನ್ನು ನಾನು ಅಲ್ಲಿನ ಒಂದು ಕೆರೆಯ ಏರಿಯ ಮೇಲೆ ಕೂತು ನೋಡಿದ್ದೇನೆ. ಜೊಂಡಿನ ನಡುವೆ ತೆರವಾದ ಒಂದು ಜಾಗ. ಅಲ್ಲಿ ನೀರು ತಟಕ್ಕನೆ ನವಿರೆದ್ದಂತಾಗಿ ನೂರಾರು ಕೆಂಪು ಮರಿಗಳು ಮೇಲೆ ಬಂದು, ಒಂದು ಗುಟುಕು ಗಾಳಿ ಎಳೆದು, ಒಟ್ಟಿಗೆ ಮುಳುಗುತ್ತವೆ. ವಿರಾಲ್ ಗಾಳಿ ಉಸಿರಾಡುವ ಮೀನು, ಮರಿಗಳೂ ಮೇಲೆ ಬರದೆ ಬದುಕಲಾರವು. ಅವುಗಳ ಕೆಳಗೆ, ಕಣ್ಣಿಗೆ ಬೀಳದಷ್ಟು ಆಳದಲ್ಲಿ, ತಂದೆತಾಯಿ ಇರುತ್ತವೆ. ಬಿದಿರು ಗಳದ ತುದಿಗೆ ದಪ್ಪ ದಾರ ಕಟ್ಟಿದ ಹಿರಿಯರೊಬ್ಬರು ಜೀವಂತ ಕಪ್ಪೆಯನ್ನು ಗಾಳಕ್ಕೆ ಸಿಕ್ಕಿಸಿ ಸರಿಯಾಗಿ ಆ ಕೆಂಪು ಗುಂಪಿನ ಮೇಲೆ ಕುಣಿಸಿದರು. ಕಪ್ಪೆ ಎರಡು ಸಲ ನೀರು ಮುಟ್ಟಿತೋ ಇಲ್ಲವೋ, ಕೆಳಗಿನಿಂದ ಧಡ್ ಎಂದು ಒಂದು ಹೊಡೆತ.

“ಅಣ್ಣಾ, ಅಷ್ಟು ಹಸಿವಾ ಅದಕ್ಕೆ?” ಎಂದೆ.

“ಹಸಿವೆಲ್ಲಿ ಬಂತು? ಮರಿ ಹತ್ರ ಹೋದ್ರೆ ಹೊಡೆಯುತ್ತೆ. ತಿನ್ನಕ್ಕಲ್ಲ.”

ಮೊಳದುದ್ದದ ಮೀನು ಏರಿಯ ಮಣ್ಣಿನ ಮೇಲೆ ಹೊರಳುತ್ತಿತ್ತು. ಕೆರೆಯಲ್ಲಿ ಮರಿಗಳು ಮತ್ತೆ ಅದೇ ಜಾಗದಲ್ಲಿ ಮೇಲೆ ಬಂದವು, ಮುಳುಗಿದವು, ಮತ್ತೆ ಬಂದವು. ಸ್ವಲ್ಪ ಹೊತ್ತಿಗೆ ಅವುಗಳ ಸುತ್ತ ಬೇರೆ ಮೀನುಗಳ ಸುಳಿ ಕಾಣಿಸತೊಡಗಿತು.

ಇದೇ ಸಂಗತಿಯ ಮೇಲೆ ಉತ್ತರ ಅಮೆರಿಕದ ಗಾಳಗಾರರಲ್ಲಿ ಬಹಳ ಕಾಲದಿಂದ ವಾದ ನಡೆದಿದೆ. ಅಲ್ಲಿನ ಮೀನು ಬ್ಲೂಗಿಲ್, ಸನ್‌ಫಿಶ್ ಕುಲದ್ದು, ಅಂಗೈಯಗಲದ್ದು. ವಸಂತ ಕಳೆದು ನೀರು ಬೆಚ್ಚಗಾದಾಗ ಗಂಡು ದಡದ ತೆಳುನೀರಿಗೆ ಬಂದು ಬಾಲದಿಂದ ಮರಳು ಗುಡಿಸಿ ತಟ್ಟೆಯಂಥ ಗುಳಿ ಮಾಡುತ್ತದೆ. ಪಕ್ಕಪಕ್ಕದಲ್ಲೇ ಹತ್ತಾರು ಗುಳಿ. ಹೆಣ್ಣು ಮೊಟ್ಟೆಯಿಟ್ಟು ಹೋಗುತ್ತದೆ. ಗಂಡು ಮೇವು ಹೆಚ್ಚುಕಡಿಮೆ ಬಿಟ್ಟು, ರೆಕ್ಕೆಯಿಂದ ಮೊಟ್ಟೆಗಳ ಮೇಲೆ ನೀರು ಬೀಸುತ್ತ, ಮರಿ ಈಜಿಹೋಗುವ ತನಕ ಕಾಯುತ್ತದೆ. ಆ ದಿನಗಳಲ್ಲಿ ಅದು ಏನು ಎಸೆದರೂ ಕಚ್ಚುತ್ತದೆ. ಕೆನಡಾದ ಒಂಟಾರಿಯೊ ಪ್ರಾಂತದ ಒಪಿನಿಕಾನ್ ಸರೋವರದಲ್ಲಿ ಮಾರ್ಟ್ ಗ್ರಾಸ್ ಎಂಬ ಜೀವವಿಜ್ಞಾನಿ ನಡೆಸಿದ ಅಧ್ಯಯನದಲ್ಲಿ ಗೂಡು ಕಾಯುವ ಗಂಡುಗಳು ಪ್ರಾಯಕ್ಕೆ ಬರುವುದು ಸುಮಾರು 7ನೇ ವರ್ಷಕ್ಕೆ ಎಂದು ಗೊತ್ತಾಯಿತು. ಗೂಡು ಕಟ್ಟದೆ, ಇನ್ನೊಬ್ಬನ ಗೂಡಿಗೆ ಕಳ್ಳತನದಲ್ಲಿ ನುಗ್ಗಿ ಬೀಜ ಚೆಲ್ಲಿ ಓಡುವ ಸಣ್ಣ ಗಂಡುಗಳೂ ಇವೆ. ಅವುಗಳಿಗೆ 2 ವರ್ಷ ಸಾಕು. ಗಾಳಕ್ಕೆ ಸಿಗುವುದು ಏಳು ವರ್ಷ ಬೆಳೆದು ಕಾವಲು ನಿಂತದ್ದು.

ನಮ್ಮಲ್ಲಿ ಈ ಪ್ರಶ್ನೆ ಹಳೆಯದು, ಮಹಾಭಾರತದ ಆದಿಪರ್ವದಲ್ಲಿಯೇ ಇದೆ. ಜಿಂಕೆಯ ರೂಪದಲ್ಲಿ ಹೆಂಡತಿಯನ್ನು ಕೂಡಿದ್ದ ಕಿಂದಮ ಮುನಿಗೆ ಪಾಂಡು ಬಾಣ ಹೊಡೆಯುತ್ತಾನೆ. ಶಾಪದ ಭಾಗ ಎಲ್ಲರಿಗೂ ನೆನಪಿದೆ. ಅದಕ್ಕೂ ಮೊದಲು ಅವರಿಬ್ಬರ ನಡುವೆ ನಡೆದ ವಾದ ಅಷ್ಟಾಗಿ ನೆನಪಿಲ್ಲ. ಬೇಟೆ ರಾಜಧರ್ಮ, ಅಗಸ್ತ್ಯನೂ ಬೇಟೆಯಾಡಿದ್ದಾನೆ ಎಂದು ಪಾಂಡು ಸಮರ್ಥಿಸಿಕೊಳ್ಳುತ್ತಾನೆ. ಸಾಯುತ್ತಿರುವ ಕಿಂದಮ ಅದನ್ನು ಒಪ್ಪುತ್ತಾನೆ! ಜಿಂಕೆಯನ್ನು ಕೊಂದದ್ದಕ್ಕೆ ನಿನ್ನನ್ನು ನಿಂದಿಸುತ್ತಿಲ್ಲ, ಈ ಹೊತ್ತು ಮುಗಿಯುವ ತನಕ ಕಾಯಬೇಕಿತ್ತು ಎಂಬುದೇ ಅವನ ದೂರು. ಕೊಲ್ಲಬಾರದು ಎಂಬ ಧರ್ಮ ಒಂದು, ಕೊಲ್ಲುವವನಿಗೂ ಒಂದು ಗೆರೆ ಇದೆ ಎಂಬ ಧರ್ಮ ಇನ್ನೊಂದು. ಕಿಂದಮ ಎತ್ತಿದ್ದು ಎರಡನೆಯದನ್ನು. ನನಗೆ ಬೇಕಾದದ್ದೂ ಅದೇ, ಏಕೆಂದರೆ ಮೊದಲನೆಯದನ್ನು ಪಾಲಿಸಲಾಗದ ನಮ್ಮಂಥವರ ಮುಂದೆ ಉಳಿದಿರುವುದು ಅದೊಂದೇ.

ಆದರೆ ಕಾಯಬೇಕಿತ್ತು ಎಂಬ ಮಾತಷ್ಟೇ ಸಾಲದು. ವಿರಾಲ್‌ನ ವಿಷಯದಲ್ಲಿ ಹೊತ್ತಿನ ತಪ್ಪಿಗಿಂತ ದೊಡ್ಡದೊಂದಿದೆ. ಪಾಂಡುವಿನ ಬಾಣಕ್ಕೆ ಜಿಂಕೆಯ ಮಿಲನ ಅವಕಾಶ ಮಾತ್ರ, ಅದು ಮೈಮರೆತಿತ್ತು ಅಷ್ಟೆ. ಇಲ್ಲಿ ಮೀನಿನ ಕಾಳಜಿಯೇ ಗಾಳದ ಎರೆ. ಕಪ್ಪೆ ಬರೀ ನೆವ. ಮರಿಯನ್ನು ಬಿಟ್ಟು ಓಡುವ ಮೀನು ಬದುಕುತ್ತದೆ, ಎದುರು ನಿಂತದ್ದು ಸಾಯುತ್ತದೆ. ಒಂದು ಜೀವದ ಹಸಿವನ್ನು ಬಳಸಿ ಅದನ್ನು ಹಿಡಿಯುವುದಕ್ಕೂ ಅದು ಇನ್ನೊಂದು ಜೀವವನ್ನು ಕಾಯುವ ಗುಣವನ್ನು ಬಳಸಿ ಹಿಡಿಯುವುದಕ್ಕೂ ವ್ಯತ್ಯಾಸ ಇದೆ ಎಂದು ನಾನು ನಂಬುತ್ತೇನೆ.

ಮೀನಿಗೆ ವಾತ್ಸಲ್ಯ ಎಲ್ಲಿಂದ ಬಂತು, ಅದು ಬರೀ ಹುಟ್ಟುಗುಣ, ನೀವು ಮನುಷ್ಯರ ಭಾವನೆಯನ್ನು ಅದಕ್ಕೆ ಅಂಟಿಸುತ್ತಿದ್ದೀರಿ ಎಂದು ಯಾರಾದರೂ ಹೇಳಬಹುದು. ಹೇಳಲಿ. ಮೀನಿನ ಮನಸ್ಸಿನಲ್ಲಿ ಏನಿದೆ ಎಂಬುದರ ಮೇಲೆ ನನ್ನ ವಾದ ನಿಂತಿಲ್ಲ. ರಾತ್ರಿ ಹೆದ್ದಾರಿಯಲ್ಲಿ ಒಬ್ಬನನ್ನು ಗಾಯಾಳುವಿನಂತೆ ಮಲಗಿಸಿ, ನಿಲ್ಲಿಸಿದ ವಾಹನವನ್ನು ದೋಚುವ ಗುಂಪುಗಳಿರುತ್ತವೆ. ಅಂಥವರನ್ನು ಬೇರೆ ಕಳ್ಳರಿಗಿಂತ ಕೀಳು ಎಂದು ಯಾಕೆ ಅನ್ನುತ್ತೇವೆ? ಕಳೆದುಹೋದ ದುಡ್ಡು ಎರಡರಲ್ಲೂ ಒಂದೇ ಇರಬಹುದು. ಆದರೆ ಇವರ ದೆಸೆಯಿಂದ ನಾಳೆ ನಿಜವಾಗಿ ಗಾಯಗೊಂಡವನಿಗೆ ಯಾರೂ ಗಾಡಿ ನಿಲ್ಲಿಸುವುದಿಲ್ಲ. ನಿಲ್ಲುವ ಗುಣಕ್ಕೇ ಅವರು ದಂಡ ಹಾಕಿರುತ್ತಾರೆ.

ಮೀನಿನ ಲೋಕದಲ್ಲಿ ಇದು ಅಕ್ಷರಶಃ ನಡೆಯಬಲ್ಲದು. ಅಮೆರಿಕದ ಇಲಿನಾಯ್ ರಾಜ್ಯದ ರಿಡ್ಜ್ ಲೇಕ್‌ನಲ್ಲಿ 1970ರ ದಶಕದಲ್ಲಿ ಶುರುವಾದ ಪ್ರಯೋಗವೊಂದಿದೆ. ಸನ್‌ಫಿಶ್ ಕುಲಕ್ಕೇ ಸೇರಿದ ಲಾರ್ಜ್‌ಮೌತ್ ಬಾಸ್ ಮೀನುಗಳಲ್ಲಿ ಗಾಳಕ್ಕೆ ಸುಲಭವಾಗಿ ಸಿಗುವವನ್ನೂ ಸಿಗದವನ್ನೂ ಬೇರೆಮಾಡಿ, ತಲೆಮಾರಿನಿಂದ ತಲೆಮಾರಿಗೆ ಬೇರೆಬೇರೆ ಬೆಳೆಸಿದರು. ಸಿಗುವ ಗುಣ ವಂಶದಲ್ಲಿ ಇಳಿಯುತ್ತದೆ ಎಂಬುದು ಖಚಿತವಾಯಿತು. 2012ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನ, ಸುಲಭವಾಗಿ ಸಿಗುವ ವಂಶದ ಗಂಡುಗಳೇ ಗೂಡನ್ನು ಹೆಚ್ಚು ನಿಷ್ಠೆಯಿಂದ ಕಾಯುವಂಥವು, ಹೆಚ್ಚು ಮರಿ ಉಳಿಸುವಂಥವು ಎಂದು ತೋರಿಸಿತು. ಗಾಳ ಹೆಕ್ಕಿ ಹೆಕ್ಕಿ ಒಳ್ಳೆಯ ತಂದೆಗಳನ್ನೇ ತೆಗೆಯುತ್ತಿದ್ದರೆ ಕೆರೆಯಲ್ಲಿ ಉಳಿಯುವುದು ಮರಿ ಬಿಟ್ಟು ಓಡುವ ವಂಶ. ಮೀನಿಗೆ ಭಾವನೆ ಇದೆಯೋ ಇಲ್ಲವೋ, ಈ ನಷ್ಟ ಇದ್ದೇ ಇದೆ.

ಹಿಡಿದು ಫೋಟೊ ತೆಗೆಸಿಕೊಂಡು ಮತ್ತೆ ನೀರಿಗೆ ಬಿಡುತ್ತೇವೆ, ಯಾರಿಗೂ ಹಾನಿಯಿಲ್ಲ ಎನ್ನುವ ಹವ್ಯಾಸಿಗಳಿದ್ದಾರೆ. ಮೊಟ್ಟೆ ಕಾಯುವ ಮೀನಿನ ಮಟ್ಟಿಗೆ ಈ ಮಾತು ನಿಲ್ಲುವುದಿಲ್ಲ. ಕಾವಲು ತಪ್ಪಿದ ಕೆಲವೇ ನಿಮಿಷದಲ್ಲಿ ಬೇರೆ ಮೀನುಗಳು ಗೂಡಿಗೆ ನುಗ್ಗುತ್ತವೆ. ದಣಿದು ಮರಳಿದ ಗಂಡು ಎಷ್ಟೋ ಸಲ ಗೂಡನ್ನೇ ಬಿಟ್ಟುಬಿಡುತ್ತದೆ. ಒಡ್ಡನ್‌ಛತ್ರಂನ ಆ ಹಿರಿಯರು ಮೀನನ್ನು ಮನೆಗೆ ಒಯ್ದರು, ಆ ರಾತ್ರಿ ಒಂದು ಕುಟುಂಬ ಉಂಡಿತು. ಬಿಟ್ಟುಬಿಡುವವನು ಅಷ್ಟನ್ನೂ ಮಾಡಲಿಲ್ಲ, ಆದರೆ ಮರಿಗಳು ಎರಡೂ ಕಡೆ ಹೋದವು. ಇವರಿಬ್ಬರಲ್ಲಿ ಯಾರ ಕೈ ಶುದ್ಧ ಎಂದು ಕೇಳಿದರೆ ನಾನು ಹಸಿದವನ ಪರ. ಪಾಂಡುವಿಗೂ ಅಂದು ಹಸಿವಿರಲಿಲ್ಲ.

ಇಲ್ಲಿಗೆ ಬಂದಾಗ ಜಿಲೇಬಿ ಮೀನು ಅಡ್ಡ ನಿಲ್ಲುತ್ತದೆ. ಜಿಲೇಬಿ ಎಂದರೆ ತಿಲಾಪಿಯಾ, ಆಫ್ರಿಕದ ಮೊಜಾಂಬಿಕ್ ಕಡೆಯದು, 1952ರಲ್ಲಿ ಭಾರತಕ್ಕೆ ತಂದದ್ದು. ನಂಗಾಂಜಿ ಹೋಗಿ ಸೇರುವ ಅಮರಾವತಿ ನದಿಯ ಜಲಾಶಯದಲ್ಲಿ ಅದು ಮುಖ್ಯ ಮೀನೇ ಆಗಿಬಿಟ್ಟಿತು. ಅದರ ಸಂಸಾರ ಬ್ಲೂಗಿಲ್‌ನದಕ್ಕೆ ಬಹಳ ಹತ್ತಿರ: ಗಂಡು ತೆಳುನೀರಿನ ಕೆಸರಿನಲ್ಲಿ ಅದೇ ರೀತಿ ಗುಳಿ ತೋಡುತ್ತದೆ. ಹೆಣ್ಣು ಮಾತ್ರ ಮೊಟ್ಟೆಯನ್ನು ಬಾಯಲ್ಲಿ ತುಂಬಿಕೊಂಡು ಹೋಗುತ್ತದೆ, ಮರಿಯಾದ ಮೇಲೂ ಅಪಾಯ ಕಂಡರೆ ಬಾಯೊಳಗೆ ಕರೆದುಕೊಳ್ಳುತ್ತದೆ. ಬಲೆಗೆ ಸಿಕ್ಕ ತಾಯಿ ಬಾಯಿ ತೆರೆದಾಗ ಹಳದಿ ಮೊಟ್ಟೆ ಉದುರುವುದನ್ನು ಕಂಡರೆ ಕರುಳು ಚುರ್ ಎನ್ನುತ್ತದೆ. ಆದರೂ ವರ್ಷಕ್ಕೆ ಹಲವು ಸಲ ಮರಿ ಮಾಡಿ, ಕೆರೆ ತುಂಬಿ, ತಾನೂ ಕುಳ್ಳಾಗಿ ಉಳಿದು, ನಾಡಿನ ಮೀನುಗಳ ಜಾಗ ನುಂಗುವ ಮೀನು ಇದು. ಇದಕ್ಕೂ ರಿಯಾಯಿತಿ ಕೊಡಬೇಕೆ?

ಜಪಾನಿನಲ್ಲಿ ಬ್ಲೂಗಿಲ್‌ನ ಕತೆಯೂ ಹೀಗೇ. 1960ರಲ್ಲಿ ಆಗಿನ ಯುವರಾಜ ಅಕಿಹಿತೊ ಅಮೆರಿಕಕ್ಕೆ ಹೋದಾಗ ಷಿಕಾಗೋ ಮೇಯರ್ ಉಡುಗೊರೆ ಕೊಟ್ಟ ಮೀನುಗಳು ಸಾಕಣೆಯಿಂದ ಹೊರಬಿದ್ದು ಬಿವಾ ಸರೋವರವನ್ನು ತುಂಬಿದವು. 2007ರಲ್ಲಿ, ಚಕ್ರವರ್ತಿಯಾಗಿದ್ದ ಅವರೇ ಸಭೆಯೊಂದರಲ್ಲಿ ಅದಕ್ಕಾಗಿ ನೋವು ತೋಡಿಕೊಂಡರು. ಅದೇ ದೇಶದ ಇಜುನುಮ ಸರೋವರದಲ್ಲಿ, ಹೀಗೇ ಹೊರಗಿನಿಂದ ಬಂದ ಬಾಸ್ ಮೀನಿಗೆ ಕೃತಕ ಗೂಡು ಇಟ್ಟು, ಮೊಟ್ಟೆ ಬಿದ್ದ ಮೇಲೆ ಎತ್ತಿ ನಾಶ ಮಾಡುತ್ತಾರೆ. ಕಾಳಜಿಯನ್ನು ಎರೆ ಮಾಡಬಾರದು ಎಂಬ ನನ್ನ ಮಾತಿಗೆ ಇದು ನೇರ ಸವಾಲು. ಇದನ್ನು ನಾನು ಒಪ್ಪುತ್ತೇನೆ, ಒಪ್ಪುವ ಕಾರಣವನ್ನೂ ಹೇಳಬೇಕು. ಅಲ್ಲಿ ಗೂಡನ್ನು ಮುಟ್ಟುತ್ತಿರುವುದು ಆಟಕ್ಕಲ್ಲ, ಆ ನೀರಿನಲ್ಲಿ ಮೊದಲಿನಿಂದ ಗೂಡು ಮಾಡಿಕೊಂಡಿದ್ದ ಬೇರೆ ಜೀವಗಳಿಗಾಗಿ. ನಾವೇ ತಂದು ಬಿಟ್ಟ ತಪ್ಪನ್ನು ತಿದ್ದಲು ಬೇರೆ ದಾರಿ ಕಡಿಮೆ. ಹಾಗಾಗಿ ಜಿಲೇಬಿಯನ್ನು ಬಲೆ ಹಾಕಿ, ತಾಯಿ ತಂದೆ ಎನ್ನದೆ ತೆಗೆಯಿರಿ ಎಂದೇ ನಾನು ಹೇಳುತ್ತೇನೆ. ಕರುಳು ಚುರ್ ಎಂದರೆ ಎನ್ನಲಿ, ಅದನ್ನು ಅದುಮಿಕೊಳ್ಳುವ ಅಗತ್ಯವೂ ಇಲ್ಲ.

ಕಾನೂನಿನಿಂದ ಇಲ್ಲಿ ಹೆಚ್ಚು ನೆರವಿಲ್ಲ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ನೀರಿಗೆ ವಿಷ ಹಾಕುವುದನ್ನೂ ಸಿಡಿಮದ್ದು ಹಾಕುವುದನ್ನೂ ನಿಷೇಧಿಸಿತು, ಋತು ನಿಗದಿಮಾಡುವ ಅಧಿಕಾರವನ್ನು ಸರ್ಕಾರಗಳಿಗೆ ಬಿಟ್ಟಿತು. ಸಮುದ್ರದಲ್ಲಿ ಏಪ್ರಿಲ್ 15ರಿಂದ ಜೂನ್ 14ರ ತನಕ ತಮಿಳುನಾಡಿನ ಪೂರ್ವ ಕರಾವಳಿಯ ಟ್ರಾಲರ್‌ಗಳು ದಡದಲ್ಲಿ ನಿಲ್ಲುತ್ತವೆ. ತಾರೀಕಿನ ನಿಯಮ ಸಮುದ್ರಕ್ಕೆ ಸರಿ. ಮಳೆ ಯಾವಾಗ ಬಂದರೆ ಆಗ ಮರಿ ಮಾಡುವ ಊರ ಕೆರೆಗೆ ಯಾವ ತಾರೀಕು ಹಾಕುತ್ತೀರಿ? ಅಲ್ಲಿ ನೋಡಬಲ್ಲವನು ಏರಿಯ ಮೇಲೆ ನಿಂತವನು ಮಾತ್ರ, ಗುರುತೂ ಅವನ ಕಣ್ಣೆದುರೇ ತೇಲುತ್ತಿರುತ್ತದೆ.

ಆದ್ದರಿಂದ ಗಾಳ ಹಿಡಿದ ಅಣ್ಣತಮ್ಮಂದಿರಲ್ಲಿ ನನ್ನ ಕೋರಿಕೆ ಇಷ್ಟು. ಕೆಂಪು ಮರಿ ಕಂಡ ಜಾಗದಲ್ಲಿ ಕಪ್ಪೆ ಇಳಿಸಬೇಡಿ, ಕೆರೆಯ ಆಚೆ ದಡಕ್ಕೆ ನಡೆಯಿರಿ. ಮರಿಗಳ ಕೆಂಪು ಮಾಸಿ ಅವು ಚದುರಿಹೋಗಲು ಕೆಲವು ವಾರ ಸಾಕು. ಆಮೇಲೆ ಆ ವಿರಾಲ್ ಮತ್ತೆ ಹಸಿವಿಗೇ ಕಚ್ಚುತ್ತದೆ, ಆಗ ಹಿಡಿಯಿರಿ.