ಗುಳೆ ಹೊಂಟವರ ಮುಂದೆ ನಡೆಯುವವರು ಯಾರು?

ಹಿಂಗಾರಿ ಕೈಕೊಟ್ಟ ಒಂದು ವರ್ಷ, ಗಜೇಂದ್ರಗಡದ ಬಸ್ ಸ್ಟ್ಯಾಂಡಿನಲ್ಲಿ ಮೂರು ನಾಲ್ಕು ಮನೆತನದ ಮಂದಿ ಗಂಟುಮೂಟೆ ಕಟ್ಟಿಕೊಂಡು ಕೂತಿದ್ದರು. ಕೊಡ, ಹಾಸಿಗೆ, ಚೀಲದಲ್ಲಿ ಕಟಕ ರೊಟ್ಟಿ, ಮಡಿಲಲ್ಲಿ ಕೂಸು. ಅವರೊಳಗಿನ ಒಬ್ಬ ಮುದುಕಿಯನ್ನು ಕೇಳಿದೆ: "ಎಲ್ಲಿಗೆ ಹೊಂಟೀಯವ್ವಾ?"

"ಮಂಗಳೂರೋ ಗೋವಾನೋ, ಮೇಸ್ತ್ರಿಗೆ ಗೊತ್ತು. ಊರಾಗ ಏನೈತಿ? ದೇವರು ದಾರಿ ತೋರಸ್ತಾನ ತಮ್ಮಾ."

ಒಂದೇ ಉಸಿರಿನಲ್ಲಿ ಆಕೆ ಇಬ್ಬರ ಹೆಸರು ಹೇಳಿದಳು: ಮೇಸ್ತ್ರಿ ಮತ್ತು ದೇವರು. ಮುಂಗಡ ಕೊಟ್ಟವನು ಮೇಸ್ತ್ರಿ. ಆ ಮುಂಗಡ ತೀರುವತನಕ ದಾರಿ ಅವನದೇ. ಹಾಗಾದರೆ ದೇವರ ಪಾಲು ಏನು? ಬಂಡಾಯದ ನಾವು ಈ ಪ್ರಶ್ನೆಗೆ ಸುಲಭದ ಉತ್ತರ ಇಟ್ಟುಕೊಂಡಿದ್ದೇವೆ. "ದೇವರು ಅನ್ನೋದು ಉಳ್ಳವರ ಮೋಸ" ಎಂದು ಹೇಳಿ ಕೈತೊಳೆದುಕೊಳ್ಳುತ್ತೇವೆ. ಆದರೆ ಅಷ್ಟು ಹೇಳಿದರೆ ಮುದುಕಿಯ ಗಂಟಿನ ಭಾರ ಒಂದು ಗುಂಜಿಯೂ ಕಡಿಮೆಯಾಗುವುದಿಲ್ಲ. ಆದ್ದರಿಂದ ಆಕೆಯ ಮಾತನ್ನು ಆಕೆಯ ಕಡೆಯಿಂದಲೇ ನೋಡಬೇಕು.

ದೇವರೇ ಮುಂದೆ ನಡೆದು ದಾರಿ ತೋರಿಸಿದ ಗುಳೆಯ ಕತೆ ಲೋಕದಲ್ಲಿ ಒಂದಿದೆ. ಅದು ಇಸ್ರಾಯೇಲ್ಯರ ಕತೆ. ಬೆಟಗೇರಿಯ ಮಿಷನ್ ಕೇರಿಯವರಿಗೆ ಅದು ತಲೆಮಾರುಗಳಿಂದ ಗೊತ್ತು. ಕನ್ನಡ ಬೈಬಲ್ಲಿನಲ್ಲಿ ಅದು ವಿಮೋಚನಕಾಂಡ, ಅರಣ್ಯಕಾಂಡ ಎಂಬ ಹೆಸರಿನಲ್ಲಿದೆ. ಹೆಸರು ಕೇಳಿದರೇ ನಮ್ಮವರ ಕತೆ ಅನಿಸುತ್ತದೆ. ಐಗುಪ್ತ ದೇಶದಲ್ಲಿ ಅವರು ಜೀತದಾಳುಗಳು, ಇಟ್ಟಿಗೆ ಮಾಡುವವರು. ಬಿಡುಗಡೆ ಕೇಳಿದ್ದಕ್ಕೆ ಫರೋಹ ದೊರೆ ಇಟ್ಟಿಗೆಗೆ ಬೇಕಾದ ಹುಲ್ಲು ಕೊಡುವುದನ್ನೇ ನಿಲ್ಲಿಸಿದ. ಹುಲ್ಲನ್ನು ನೀವೇ ತಂದುಕೊಳ್ಳಿ, ಇಟ್ಟಿಗೆಯ ಲೆಕ್ಕ ಮಾತ್ರ ಒಂದೂ ಕಡಿಮೆಯಾಗಬಾರದು ಎಂದ. ಕೊನೆಗೆ ಮೋಶೆ ಅವರನ್ನು ಬಿಡಿಸಿಕೊಂಡು ಹೊರಟ. ಹಗಲು ಮೋಡದ ಕಂಬ, ಇರುಳು ಬೆಂಕಿಯ ಕಂಬ ಅವರ ಮುಂದೆ ನಡೆಯಿತು. ಮೋಡ ಎದ್ದರೆ ಏಳಬೇಕು, ನಿಂತರೆ ನಿಲ್ಲಬೇಕು. ಹೀಗೆ 40 ವರ್ಷ.

ನಮ್ಮ ರೋಣ, ಗಜೇಂದ್ರಗಡದ ಮಂದಿಯನ್ನೂ ಮೋಡವೇ ನಡೆಸುತ್ತದೆ. ವ್ಯತ್ಯಾಸ ಇಷ್ಟೆ: ಅವರ ಮುಂದೆ ಮೋಡ ಇತ್ತು, ನಮ್ಮವರು ಏಳುವುದು ಮೋಡ ಇಲ್ಲದ್ದಕ್ಕೆ. ಎರೆಹೊಲ ಬಾಯಿ ಬಿಟ್ಟರೆ ಹುಡುಗರು ತಲೆ ಮೇಲೆ ಗುರ್ಜಿ ಹೊತ್ತು ಮನೆಮನೆ ತಿರುಗುತ್ತಾರೆ. ಭಾರತ ಹುಣ್ಣಿಮೆಯ ಜಾತ್ರೆಗೆ ಮೈಲಾರಕ್ಕೆ ಹೋಗಿ ಕಾರ್ಣಿಕ ಕೇಳಿ ಬರುತ್ತಾರೆ. ಗೊರವಯ್ಯ ಬಿಲ್ಲೇರಿ ಒಂದು ಮಾತು ಆಡುತ್ತಾನೆ. ಆ ಒಂದು ಮಾತಿಗೆ ಮಳೆ ಅಂತಲೂ ಅರ್ಥ ಹೇಳಬಹುದು, ರಾಜಕೀಯ ಅಂತಲೂ ಹೇಳಬಹುದು. ಇಲ್ಲೇ ತೊಡಕು ಇರುವುದು. ಮೇಲಿನಿಂದ ಬಂದ ಮಾತಿಗೆ ಕೆಳಗೆ ಒಬ್ಬ ಅರ್ಥ ಹೇಳುವವ ಬೇಕು. ಅರ್ಥ ಹೇಳುವ ಅಧಿಕಾರ ಯಾರದೋ ಅವರೇ ದಾರಿಯ ಒಡೆಯರಾಗುತ್ತಾರೆ. ಪುರೋಹಿತಶಾಹಿ ಹುಟ್ಟುವುದು ಈ ಸಂದಿಯಲ್ಲಿ.

ಇದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಇಸ್ರಾಯೇಲ್ಯರ ದೇವರು ಅವರನ್ನು ಇಟ್ಟಿಗೆಯ ಕೆಲಸದಿಂದ ಹೊರಗೆ ಕರೆದೊಯ್ದ. ನಮ್ಮವರ ದಾರಿ ಊರಿನಿಂದ ಇಟ್ಟಿಗೆಯ ಕಡೆಗೇ ಹೋಗುತ್ತದೆ. 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಸಾರಿದಾಗ ಇದು ಎಲ್ಲರ ಕಣ್ಣಿಗೂ ಬಿತ್ತು. ಪಟ್ಟಣಗಳಿಂದ ಮಂದಿ ಹೆಗಲ ಮೇಲೆ ಮಕ್ಕಳನ್ನು ಹೊತ್ತು ನಡೆದೇ ಹೊರಟರು. ಆ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳು ಕಟ್ಟಡ ಉದ್ಯಮಿಗಳ ಜೊತೆ ಸಭೆ ನಡೆಸಿದರು. ಅದರ ಬೆನ್ನಿಗೇ, ಹೊರರಾಜ್ಯದ ಕೂಲಿಕಾರರನ್ನು ಊರಿಗೆ ಒಯ್ಯುವ ರೈಲುಗಳು ಬೇಡವೆಂದು ರಾಜ್ಯ ಸರ್ಕಾರ ರೈಲ್ವೆಗೆ ತಿಳಿಸಿತು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಕೆಲವೇ ದಿನಗಳಲ್ಲಿ ಆ ಮಾತನ್ನು ಹಿಂತೆಗೆದುಕೊಂಡಿತು. ಕಟ್ಟುವ ಕೈಗಳನ್ನು ಬಿಡಲೊಲ್ಲದ ಫರೋಹ ಹಳೆಯ ಪುಸ್ತಕದಲ್ಲಷ್ಟೇ ಇಲ್ಲ.

ಅಡವಿಯಲ್ಲಿ ಹಸಿದವರಿಗೆ ಆಕಾಶದಿಂದ ಮನ್ನ ಎಂಬ ಆಹಾರ ಬಿತ್ತು ಎನ್ನುತ್ತದೆ ಕತೆ. ಪವಾಡ ಬಿಡಿ, ಅದರ ಕಟ್ಟಳೆ ನೋಡಿ. ಅಳೆದು ನೋಡಿದಾಗ ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರೆ ಬೀಳಲಿಲ್ಲ. ಬಚ್ಚಿಟ್ಟುಕೊಂಡವನ ಮನ್ನಕ್ಕೆ ಮುಂಜಾನೆಗೆ ಹುಳ ಬಿತ್ತು. ದೇವರ ದಾರಿ ಎಂಬುದಕ್ಕೆ ಒಂದು ಗುರುತು ಬೇಕಾದರೆ ಇದನ್ನೇ ಹಿಡಿಯಬಹುದು. ಹಸಿವಿನ ಕಾಲದಲ್ಲಿ ಕೂಡಿಹಾಕಲು ಬಿಡದ ದಾರಿ ಅದು. ನಮ್ಮಲ್ಲಿ ಬರ ಬಂದರೆ ಹುಳ ಬೀಳುವುದು ಬಡವನ ಗಡಿಗೆಯ ಜೋಳಕ್ಕೆ, ಸಾಹುಕಾರನ ಬಡ್ಡಿಗೆ ಬೀಳುವುದಿಲ್ಲ.

ಆ ಜನ ಗೊಣಗಿದರು ಎಂದೂ ಬರೆದಿದೆ. ಐಗುಪ್ತದ ಸೌತೆಕಾಯಿ, ಉಳ್ಳಾಗಡ್ಡಿ, ಬೆಳ್ಳುಳ್ಳಿ ನೆನೆದು ಅತ್ತರಂತೆ. ಉಳ್ಳಾಗಡ್ಡಿ ಬೆಳೆಯುವ ನಮ್ಮ ಸೀಮೆಯವರಿಗೆ ಇದು ನಗುವ ಮಾತಲ್ಲ. ನೀರು ಸಿಗದಾಗ, ದೇವರು ನಮ್ಮ ನಡುವೆ ಇದ್ದಾನೋ ಇಲ್ಲವೋ ಎಂದು ಜಗಳ ತೆಗೆದರು. ಗ್ರಂಥ ಇದನ್ನು ಪಾಪ ಎನ್ನುತ್ತದೆ. ನಾನು ಹಾಗೆ ಅನ್ನಲಾರೆ. ಬಾಯಾರಿದವನು ನಾಯಕನನ್ನು ಕೇಳದೆ ಇನ್ನಾರನ್ನು ಕೇಳಬೇಕು? ಜಗಳ ಆದ ಮೇಲೆಯೇ ಬಂಡೆಯಿಂದ ನೀರು ಬಂತು ಎಂಬುದೂ ಅಲ್ಲೇ ಬರೆದಿದೆ.

ನರಗುಂದ ಈ ಪ್ರಶ್ನೆಯನ್ನು ಕೇಳಿದ ಊರು. ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ಕಾಲುವೆ ಬಂತು. ನೀರು ಸರಿಯಾಗಿ ಹೊಲ ಮುಟ್ಟುವ ಮೊದಲೇ ಬೆಟರ್‌ಮೆಂಟ್ ಲೆವಿಯ ನೋಟೀಸು ಮನೆ ಮುಟ್ಟಿತು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರು ಸಿಡಿದೆದ್ದರು. ಗೋಲಿಬಾರಿನಲ್ಲಿ ರೈತರು ಸತ್ತರು, ಪೊಲೀಸರೂ ಜೀವ ಕಳೆದುಕೊಂಡರು. 2015ರಿಂದ ಮಹದಾಯಿಗಾಗಿ ಇದೇ ನರಗುಂದ ಮತ್ತೆ ಧರಣಿ ಕೂತಿತು. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿ.ಎಂ.ಸಿ. ಎಂದಿತು, ಅದರಲ್ಲಿ ಮಲಪ್ರಭೆಗೆ ತಿರುಗಿಸಲು 3.9.

ಆದರೆ ನಮ್ಮನ್ನು ನಾವೂ ಕೇಳಿಕೊಳ್ಳಬೇಕು. ಕಾಲುವೆಯ ನೀರು ಹೊಲ ಇದ್ದವನ ಹೊಲಕ್ಕೆ ಹೋಗುತ್ತದೆ. ಹೊಲವೇ ಇಲ್ಲದ ಕೇರಿಯವನಿಗೆ ಅದು ಯಾವ ಕಾಲುವೆ? 1974ರ ಭೂಸುಧಾರಣೆ ತಿದ್ದುಪಡಿ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು. ಗೇಣಿಯೂ ಇಲ್ಲದ ಕೂಲಿಯವನು ಹೆಚ್ಚಿನ ಕಡೆ ಕೂಲಿಯವನಾಗಿಯೇ ಉಳಿದ. ಇಸ್ರಾಯೇಲ್ಯರಿಗೆ ಕೊಡುತ್ತೇನೆಂದ ಕಾನಾನ್ ದೇಶವೂ ಬೀಡು ಬಿದ್ದ ನೆಲವಾಗಿರಲಿಲ್ಲ, ಅಲ್ಲಿಯೂ ಜನ ಇದ್ದರು. ಒಬ್ಬರ ಬಿಡುಗಡೆಯ ದಾರಿ ಇನ್ನೊಬ್ಬರ ಎದೆ ಮೇಲೆ ಹಾದು ಹೋಗುವುದಾದರೆ ಅದನ್ನು ದೇವರು ತೋರಿಸಿದ ದಾರಿ ಎಂದು ಒಪ್ಪುವುದು ಹೇಗೆ?

ಅರಣ್ಯಕಾಂಡದ ಮೂರು ಪ್ರಸಂಗ ಓದಿದರೆ ಈ ಪ್ರಶ್ನೆಗೆ ಬೆಳಕು ಸಿಗುತ್ತದೆ.

ಮೊದಲನೆಯದು ಕೋರಹನದು. ಜನರೆಲ್ಲ ಪವಿತ್ರರೇ ಆಗಿರುವಾಗ ನೀವಿಬ್ಬರೇ ಯಾಕೆ ಮೇಲೆ ಎಂದು ಆತ ಮೋಶೆ, ಆರೋನರನ್ನು ಕೇಳಿದ. ನೆಲ ಬಾಯಿ ತೆರೆದು ದಂಗೆಯವರನ್ನು ನುಂಗಿತು. ಕೋರಹ ತನಗೂ ಪೂಜಾರಿಕೆ ಬೇಕೆಂದು ಹೊರಟವನು ಎಂಬುದು ನಿಜ. ಆದರೆ ಕೇಳಿದವನ ಆಸೆ ಕೆಟ್ಟದ್ದಾದ ಮಾತ್ರಕ್ಕೆ ಕೇಳಿದ ಪ್ರಶ್ನೆ ಸುಳ್ಳಾಗುವುದಿಲ್ಲ.

ಎರಡನೆಯದು ಹೋಬಾಬನದು. ಆತ ಮೋಶೆಯ ಹೆಂಡತಿಯ ಕಡೆಯ ನಂಟ, ಪರಕುಲದವನು. ಮುಂದೆ ಮೋಡದ ಕಂಬ ಇದ್ದಾಗಲೂ ಮೋಶೆ ಆತನನ್ನು ಬೇಡಿಕೊಳ್ಳುತ್ತಾನೆ: ಅಡವಿಯಲ್ಲಿ ಎಲ್ಲಿ ಬೀಡು ಬಿಡಬೇಕೆಂದು ನಿನಗೆ ಗೊತ್ತು, ನಮ್ಮ ಕಣ್ಣಾಗಿ ಜೊತೆಗಿರು ಎಂದು. ದೇವರ ದಾರಿ ಇದ್ದಾಗಲೂ ಆ ನೆಲ ಬಲ್ಲ ಮನುಷ್ಯನ ಕಣ್ಣು ಬೇಕಾಯಿತು.

ಮೂರನೆಯದು ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಎಂಬ ಐವರು ಅಕ್ಕತಂಗಿಯರದು. ಅಪ್ಪ ಅಡವಿಯಲ್ಲೇ ಸತ್ತ, ಅಣ್ಣತಮ್ಮಂದಿರು ಇಲ್ಲ. ಅವರು ಎಲ್ಲರ ಎದುರು ನಿಂತು ನೆಲದಲ್ಲಿ ಪಾಲು ಕೇಳಿದರು. ಕೇಳುವ ಮೊದಲು, ನಮ್ಮಪ್ಪ ಕೋರಹನ ಗುಂಪಿನವನಲ್ಲ ಎಂದು ಹೇಳಬೇಕಾಯಿತು. ಎಲ್ಲ ಕಾಲದ ಅರ್ಜಿದಾರರಿಗೂ ಗೊತ್ತಿರುವ ಸಂಕಟ ಇದು. ಆದರೂ ತೀರ್ಪು ಅವರ ಕಡೆಗೆ ಆಯಿತು. ಅವರು ಹೇಳಿದ್ದು ನ್ಯಾಯ ಎಂದು ಕಟ್ಟಳೆಯೇ ಬದಲಾಯಿತು. ಅಂದರೆ ದಾರಿ ಮೇಲಿನಿಂದಷ್ಟೇ ಬರಲಿಲ್ಲ, ನೆಲ ಇಲ್ಲದ ಹೆಣ್ಣುಮಕ್ಕಳ ಬಾಯಿಂದಲೂ ಬಂತು.

ಈ ಕತೆಯನ್ನು ತಮ್ಮದು ಮಾಡಿಕೊಂಡ ಅಮೆರಿಕದ ಕರಿಯ ಗುಲಾಮರು ಹ್ಯಾರಿಯೆಟ್ ಟಬ್‌ಮನ್‌ಳನ್ನು ಮೋಶೆ ಎಂದು ಕರೆದರು. ಆಕೆ 1849ರಲ್ಲಿ ತಪ್ಪಿಸಿಕೊಂಡು ಹೋದವಳು. ದೇವರೇ ತನಗೆ ದಾರಿ ತೋರಿಸುತ್ತಾನೆಂದು ಗಟ್ಟಿಯಾಗಿ ನಂಬಿದ್ದಳು. ನಂಬಿ ಕೂತಳೇ? ಸುಮಾರು 13 ಸಲ ಹಿಂದಕ್ಕೆ ಹೋಗಿ 70ರಷ್ಟು ಜನರನ್ನು ಬಿಡಿಸಿ ತಂದಳು. ನಂಬಿಕೆಯ ಒರೆಗಲ್ಲು ಇದೇ ಎನಿಸುತ್ತದೆ. ನಿನ್ನ ದೇವರು ನಿನ್ನನ್ನು ಹಿಂದುಳಿದವರ ಕಡೆಗೆ ತಿರುಗಿ ಕಳಿಸುತ್ತಾನೋ ಇಲ್ಲವೋ?

ಗಜೇಂದ್ರಗಡದ ಬಸ್ ಸ್ಟ್ಯಾಂಡಿಗೆ ಮತ್ತೆ ಬರೋಣ. ಆ ಮುದುಕಿಯ ಜೊತೆ ಸರ್ಕಾರ ಹೋಗಲಿಲ್ಲ, ಊರ ಗೌಡರು ಹೋಗಲಿಲ್ಲ, ನಾವೂ ಹೋಗಲಿಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಮೇಸ್ತ್ರಿಗೆ ಲೈಸೆನ್ಸು, ಕೂಲಿಗೆ ಪಾಸ್‌ಬುಕ್ಕು, ಪ್ರಯಾಣದ ಭತ್ಯೆ ಎಂದು ಬರೆದಿತ್ತು. ಅಲ್ಲಿ ಕೂತವರೊಳಗೆ ಒಬ್ಬರ ಕೈಯಲ್ಲೂ ನಾನು ಪಾಸ್‌ಬುಕ್ಕು ಕಾಣಲಿಲ್ಲ. ಯಾರೂ ಜೊತೆಗೆ ಬಾರದ ದಾರಿಯಲ್ಲಿ ಆಕೆ ದೇವರನ್ನು ಜೊತೆಗಿಟ್ಟುಕೊಂಡಳು. ಆ ಹೆಸರನ್ನು ಕಸಿದುಕೊಳ್ಳುವ ಹಕ್ಕು ನಮಗಿಲ್ಲ. ಮೇಸ್ತ್ರಿ ಆ ಹೆಸರಿನ ಮರೆಯಲ್ಲಿ ಅಡಗದಂತೆ ನೋಡಿಕೊಳ್ಳುವ ಹೊಣೆ ಮಾತ್ರ ನಮ್ಮದು. ಆಕೆ "ದೇವರು ದಾರಿ ತೋರಸ್ತಾನ" ಅಂದಾಗ ನಾವು ಕೇಳಬೇಕಾದ್ದು "ದೇವರು ಇದ್ದಾನೇನು" ಅಂತಲ್ಲ. "ಯವ್ವಾ, ಮುಂಗಡ ಎಷ್ಟು ತಗೊಂಡಿ? ಲೆಕ್ಕ ಯಾರ ಹತ್ರ ಐತಿ? ಮೊಮ್ಮಕ್ಕಳ ಸಾಲಿ ಏನಾತು?" ಅಂತ.

ಹಳ್ಳಿಯ ಮಾಸ್ತರರೇ, ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಹಾಕುವ ಮೊದಲು ಆ ಹುಡುಗ ಯಾವ ಬಸ್ಸು ಹತ್ತಿದ ಎಂದು ಬರೆದಿಡಿ. ವಿದ್ಯಾರ್ಥಿ ಗೆಳೆಯರೇ, ಮುಂಗಡದ ಚೀಟಿ ಓದಿ ಹೇಳುವುದಕ್ಕಾದರೂ ಬಸ್ ಸ್ಟ್ಯಾಂಡಿಗೆ ಹೋಗಿ. ಮೋಡವನ್ನು ನಾವು ತರಲಾರೆವು. ಹೋಬಾಬನಂತೆ ದಾರಿ ಬಲ್ಲ ಕಣ್ಣಾಗಿ ಜೊತೆಗೆ ನಾಲ್ಕು ಹೆಜ್ಜೆ ನಡೆಯಲು ಯಾರ ಅಪ್ಪಣೆಯೂ ಬೇಕಿಲ್ಲ.