ಹೂದೋಟದಲ್ಲಿ ಬಿದ್ದ ಅಳಿಲು

ಕೃಷ್ಣೆಯ ಕಾಲುವೆ ಹರಿದ ಶಹಾಪುರ ಸೀಮೆಯಲ್ಲಿ, ಭೀಮರಾಯನಗುಡಿಯ ಮನೆಯಂಗಳದಲ್ಲಿಯೂ ಹೂದೋಟ ಸಾಧ್ಯ. ಹೂವಿಗೆ ಹಕ್ಕಿ, ಅಳಿಲುಗಳು ಬರುತ್ತವೆ. ಸಾಕಿದ ಬೆಕ್ಕು ಅವುಗಳನ್ನು ಕೊಲ್ಲುತ್ತದೆ. ಈ ಪಾಪವು ಯಾರದು?

ಬೆಕ್ಕು ವ್ರತವನ್ನರಿಯದ ತಿರ್ಯಂಚಜೀವಿ. ಅದನ್ನು ದಂಡಿಸುವುದು ಮತ್ತೊಂದು ಹಿಂಸೆ. ಅರಿತವನು ಶ್ರಾವಕನು. ಸ್ವಾಮಿ ಕಾರ್ತಿಕೇಯರು ಬೆಕ್ಕು ಮೊದಲಾದ ಹಿಂಸ್ರಪ್ರಾಣಿಗಳನ್ನು ಸಾಕುವುದನ್ನೇ ಅನರ್ಥದಂಡದಲ್ಲಿ ಎಣಿಸಿದ್ದಾರೆ. ಹಾಗೆಂದು ಸಾಕಿದುದನ್ನು ಬೀದಿಗೆ ಅಟ್ಟಿದರೆ ಬೇಟೆ ನಿಲ್ಲದು, ಕಣ್ಮರೆಯಾಗುವುದಷ್ಟೇ. ಹಕ್ಕಿಗಳು ಇಳಿಯುವ ಬೆಳಗು, ಬೈಗುಗಳಲ್ಲಿ ಅದನ್ನು ಮನೆಯೊಳಗಿರಿಸಬೇಕು.

ಇನ್ನು, ಸತ್ತ ಅಳಿಲನ್ನು ಗುಲಾಬಿಯ ಬುಡದಲ್ಲಿ ಹೂಳಬಹುದೇ? ಹೂಳುವುದು ಕರ್ತವ್ಯ, ಗೊಬ್ಬರವಾಯಿತೆಂದು ಸಂತೋಷಪಡುವುದು ಅನುಮೋದನೆ. ಕೃತ, ಕಾರಿತಗಳಂತೆ ಅದೂ ಕರ್ಮಬಂಧಕ್ಕೆ ಕಾರಣ. ಆದುದರಿಂದ ಗಿಡಗಳಿಂದ ದೂರದಲ್ಲಿ, ಪಂಚನಮಸ್ಕಾರವನ್ನು ಸ್ಮರಿಸಿ ಹೂಳಿ, ಅಂದಿನ ಪ್ರತಿಕ್ರಮಣದಲ್ಲಿ ತನ್ನ ಪ್ರಮಾದವನ್ನು ಒಪ್ಪಿಕೊಳ್ಳುವುದೇ ಶ್ರಾವಕನಿಗೆ ಉಚಿತವು.